ಹೊಗೆ ಇಳಿಸಲು ನಮ್ಮೂರಿನ ನಿಲುಗಡೆ ರದ್ದು ಮಾಡಿದವರಿಗೆ

ರೈಲಿನ ಹೊಗೆ ಕಡಿಮೆ ಮಾಡುವ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಎಂಜಿನ್ ಆಫ್ ಮಾಡಿ ಎಂದು ಕೇಳಿದೆವು. ನೀವು ನಮ್ಮೂರಿನ ನಿಲುಗಡೆಯನ್ನೇ ರದ್ದು ಮಾಡಿದಿರಿ. ಸಾಲದ್ದಕ್ಕೆ, ಹಾಸನದಲ್ಲಿ ನಡೆದ ಪರಿಸರ ದಿನದ ಸಭೆಯಲ್ಲಿ ‘ಈ ನಿಲ್ದಾಣದ ಹೊಗೆಯನ್ನು ಸೊನ್ನೆಗೆ ಇಳಿಸಿದ್ದೇವೆ’ ಎಂದು ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದಿರಿ. ಭೇಷ್!

ನಡೆದದ್ದು ಪತ್ರಿಕೆಯ ಓದುಗರಿಗೂ ತಿಳಿಯಲಿ. ಹೊಳೆನರಸೀಪುರದಿಂದ ಹಾಸನದ ಕಡೆ ಹೊರಟರೆ ಸಿಗುವ ಸಣ್ಣ ಊರು ನಮ್ಮದು. ದಾರಿಯುದ್ದಕ್ಕೂ ಇರುವುದು ಒಂದೇ ಹಳಿ, ನಿಲ್ದಾಣದಲ್ಲಿ ಮಾತ್ರ ಎರಡು. ಬೆಳಗಿನ ಪ್ಯಾಸೆಂಜರ್ ಗಾಡಿ ಎದುರಿನ ಗಾಡಿ ದಾಟುವವರೆಗೆ ನಮ್ಮಲ್ಲಿ ಕಾಯುತ್ತಿತ್ತು. ಅಷ್ಟು ಹೊತ್ತೂ ಡೀಸೆಲ್ ಎಂಜಿನ್ ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು, ಹೊಗೆಯೆಲ್ಲ ಪಕ್ಕದ ಶಾಲೆಯೊಳಕ್ಕೆ. ಅಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಜೊತೆ ನಾನೂ ಕೆಮ್ಮುತ್ತಿದ್ದೆ. ಚಾಲಕರನ್ನು ವಿಚಾರಿಸಿದರೆ, “ಆಫ್ ಮಾಡಿ ಮತ್ತೆ ಸ್ಟಾರ್ಟ್ ಆಗ್ದೆ ಓದ್ರೆ ನನ್ ಕೆಲ್ಸ ಓಯ್ತದೆ ಸಾ. ಮೇಲಿನೋರ್ನ ಕೇಳಿ” ಎಂದರು. ಊರವರನ್ನೆಲ್ಲ ಒಪ್ಪಿಸಿ ಅರ್ಜಿ ಬರೆದೆ.

ಉತ್ತರ ಬಂತು: ‘ಸಾರ್ವಜನಿಕರ ಕೋರಿಕೆಯ ಮೇರೆಗೆ’ ನಿಲುಗಡೆ ರದ್ದು! ಯಾವ ಸಾರ್ವಜನಿಕರು ಸ್ವಾಮಿ, ಯಾವಾಗ ಕೋರಿದರು? ಗಾಡಿ ಈಗಲೂ ಓಡುತ್ತಿದೆ. ಎದುರಿನ ಗಾಡಿಗಾಗಿ ಮುಂದಿನ ನಿಲ್ದಾಣದಲ್ಲಿ ಕಾಯುತ್ತದೆ. ಅಲ್ಲಿಯೂ ಎಂಜಿನ್ ಆಫ್ ಆಗುವುದಿಲ್ಲ. ನಮ್ಮ ಪಾಲಿನ ಹೊಗೆಯನ್ನು ಪಕ್ಕದೂರಿನವರ ಮೂಗಿಗೆ ವರ್ಗಾವಣೆ ಮಾಡಿದ್ದನ್ನು ಉಳಿತಾಯ ಎನ್ನಲು ನಿಮಗೆ ಕಲಿಸಿದವರು ಯಾರು? ಇನ್ನು ಆ ರೈಲು ಹತ್ತುತ್ತಿದ್ದ ಜನ ಹಾಸನಕ್ಕೆ ಹೋಗುವುದನ್ನು ಬಿಟ್ಟರೇ? ಒಂದೇ ಎಂಜಿನ್ ಎಳೆಯುತ್ತಿದ್ದ ಊರನ್ನು ಈಗ ಹಳೇ ಜೀಪು, ಟೆಂಪೋಗಳು ಕರಿಹೊಗೆ ಕಾರುತ್ತ ಹೊತ್ತೊಯ್ಯುತ್ತಿವೆ. ಅದು ರೈಲಿನ ಹೊಗೆಯಲ್ಲವಲ್ಲ, ನಿಮ್ಮ ಮಟ್ಟಿಗೆ ಅದು ಹೊಗೆಯೇ ಅಲ್ಲ.

ನಮ್ಮೂರಿನ ಲಕ್ಕಮ್ಮ ವೀಳ್ಯದೆಲೆ ಮಾರಿ ಬದುಕುವವಳು. ಎಲೆಗೆ ಗಾಳಿ ಆಗದು. ಬಿದಿರಿನ ಮಂಕರಿಗೆ ಬಾಳೆಲೆ ಹಾಸಿ, ಎಲೆ ಜೋಡಿಸಿ, ಒದ್ದೆ ಗೋಣಿ ಹೊದಿಸಿ, ರೈಲಿನ ಸೀಟಿನ ಕೆಳಗೆ ತಳ್ಳಿ, ಹಸಿರು ಮಾಸದಂತೆ ಹಾಸನದ ಮಾರುಕಟ್ಟೆಗೆ ಮುಟ್ಟಿಸುತ್ತಿದ್ದಳು. ನೀರು ಸೋರುವ ಮಂಕರಿಯನ್ನು ಬಸ್ ಕಂಡಕ್ಟರ್ ಹತ್ತಿಸುವುದಿಲ್ಲ. ತೆರೆದ ಟೆಂಪೋದಲ್ಲಿ ಬಿಸಿಗಾಳಿ ಬಡಿದು ಎಲೆ ದಾರಿಯಲ್ಲೇ ಬಾಡುತ್ತದೆ. ಖಾಯಂ ಅಂಗಡಿಯವರು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. ಗಂಡನಿಲ್ಲದ ಆಕೆಯ ಮನೆ ನಡೆಯುವುದೇ ಆ ಮಂಕರಿಯಿಂದ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮತ್ತೆ ಸ್ಟಾರ್ಟ್ ಆಗುವಂಥ ಎಂಜಿನ್ ಕೊಡಿ, ಕಾಯುವಾಗ ಅದನ್ನು ಆಫ್ ಮಾಡಿಸಿ, ನಮ್ಮ ನಿಲುಗಡೆ ನಮಗೆ ಕೊಡಿ. ಇಷ್ಟೂ ಆಗದಿದ್ದರೆ ಮುಂದಿನ ಭಾಷಣದಲ್ಲಿ ನಮ್ಮ ಟೆಂಪೋಗಳ ಹೊಗೆಯನ್ನೂ ಸೇರಿಸಿ ಹೇಳುವ ಧೈರ್ಯ ತೋರಿಸಿ.

ಈ ಪತ್ರಕ್ಕೆ ಹೆಬ್ಬೆಟ್ಟು ಒತ್ತಮ್ಮ ಎಂದು ಮೊನ್ನೆ ಲಕ್ಕಮ್ಮನ ಮನೆಗೆ ಹೋಗಿದ್ದೆ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡಿ ಮೇಷ್ಟ್ರೇ, ನಿಮ್ ಕಾಲಿಗ್ ಬೀಳ್ತೀನಿ. ಈ ಸಲ ಬರುದ್ರೆ ಇರೋ ಟೆಂಪೋನೂ ಕಿತ್ಕಂಡಾರು.”

ಉಳಿದವರದೂ ಇದೇ ಮಾತು. ಹಾಗಾಗಿ ಊರಿನ ಬೇರೆ ಯಾರ ಸಹಿಯೂ ಇದರಲ್ಲಿಲ್ಲ.

ಇಂತಿ,
ಒಬ್ಬನೇ ಉಳಿದ ‘ಸಾರ್ವಜನಿಕ’,
ತಿರುನಾರಾಯಣ, ವಿಜ್ಞಾನದ ಮೇಷ್ಟ್ರು
ಹೊಳೆನರಸೀಪುರ ತಾಲ್ಲೂಕು, ಜುಲೈ 2008