ಹಾದಿ ಬಂದ್ ಐತಿ ಎಂದು ಹೇಳಿದೆ

2024 ನವೆಂಬರ್ 11, ಸೋಮವಾರ. ಸಂಜೆ

ಬಿ.ಎಸ್ಸಿ. ಹುಡುಗರ ರೆಕಾರ್ಡ್‌ಗಳಿಗೆ ಸಹಿ ಹಾಕಿ ಕೈ ಸೋತಿತು. ಇನ್ನೂ ಇಪ್ಪತ್ತೆರಡು ಉಳಿದಿವೆ. ನಡುವೆ ದಾಂಡೇಲಿ ಕಾನ್ಫರೆನ್ಸಿನವರ ಮೇಲ್. ಪೇಪರ್ ಒಪ್ಪಿದ್ದಾರೆ. ಜೋಯಿಡಾ ಕಾಡಿನ ಜರೀಗಿಡಗಳು. ಡಿಸೆಂಬರ್ ಆರು, ಏಳು.

ಖುಷಿಯಲ್ಲೇ ಮನೆಗೆ ಬಂದೆ. ಲಕ್ಷ್ಮೀದೇವಿ ಯಾರದೋ ಬ್ಲೌಸಿಗೆ ಹುಕ್ ಹಚ್ಚುತ್ತ ಕೂತಿದ್ದಳು. ದಾಂಡೇಲಿತನಕ ಹೋದ ಮೇಲೆ ಮೂರು ದಿನ ರಜೆ ಹಾಕಿ ಜೋಯಿಡಾ ಗುಡ್ಡ ಅಡ್ಡಾಡಿ ಬರೋಣ, ನೀನೂ ಬಾ ಎಂದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಉಳವಿಯ ಗುಡಿಗೆ ನಡೆದು ಹೋಗಬಹುದೇ ಎಂದು ಕೇಳಿದಳು. ಸಣ್ಣವಳಿದ್ದಾಗ ತವರೂರು ಸಾಂಬ್ರಾಣಿಯಿಂದ ಅಪ್ಪನ ಚಕ್ಕಡಿಯಲ್ಲಿ ಹೋಗಿದ್ದಳಂತೆ. ಮದುವೆಯಾದ ಮೇಲೆ ಬಸ್ಸಿನಲ್ಲಿ.

"ಒಂದ್ಸಲ ನನ್ನ ಕಾಲಿಲೆ ಹೋಗಬೇಕಂತ ಭಾಳ ದಿವಸದಿಂದ ಐತ್ರಿ."

ಹೋಗೋಣ ಎಂದೆ. ಅಷ್ಟೇ ಸಲೀಸಾಗಿ.

ನವೆಂಬರ್ 17, ಭಾನುವಾರ

ಊಟದ ನಂತರ ನಕ್ಷೆ ಹರಡಿಕೊಂಡು ಕೂತೆವು. ಎಂಟರಂದು ಅವಳು ಹಳಿಯಾಳದಿಂದ ದಾಂಡೇಲಿಗೆ ಬರುವುದು, ಅಲ್ಲಿಂದ ಇಬ್ಬರೂ ಜೋಯಿಡಾ ದಾಟಿ ದುರ್ಗಪ್ಪನ ಹೋಂಸ್ಟೇ. ಒಂಬತ್ತಕ್ಕೆ ಕಾಡುದಾರಿಯಲ್ಲಿ ಉಳವಿ, ಹನ್ನೆರಡು ಕಿಲೋಮೀಟರ್. ಹತ್ತಕ್ಕೆ ಗವಿಗಳು. ಪರವಾನಗಿ, ಗೈಡ್ ಎಲ್ಲ ದುರ್ಗಪ್ಪನೇ ನೋಡಿಕೊಳ್ಳುತ್ತಾನೆ.

ಫೋನ್ ಮಾಡಿ ಖೋಲಿ ಹಿಡಿದವಳು ಅವಳೇ. ಮೀನು ಮಾಡಿದ ಪಾತ್ರೆ ಬೇರೆ ಇಡಿ ಎಂದು ಹೇಳುವುದಕ್ಕೆ ಇಪ್ಪತ್ತು ನಿಮಿಷ! ಅಷ್ಟರಲ್ಲಿ ದುರ್ಗಪ್ಪನ ಹೆಂಡತಿಯ ತವರು, ಎಮ್ಮೆ ಕರು ಹಾಕಿದ್ದು, ಎಲ್ಲ ತಿಳಿದುಕೊಂಡಳು. ಅವಳ ದನಿ ಓಣಿಗೆಲ್ಲ ಕೇಳುತ್ತದೆ. ಎದ್ದು ಕಿಟಕಿ ಹಾಕಿದೆ.

ನವೆಂಬರ್ 24

ಒಂದು ವಾರದಿಂದ ಬೆಳಿಗ್ಗೆ ಇಬ್ಬರೂ ನಡೆಯುತ್ತೇವೆ. ಪ್ರಾಕ್ಟೀಸ್ ಅಂತೆ. ಪೇಟೆಯಿಂದ ಕಪ್ಪು ಕ್ಯಾನ್ವಾಸ್ ಶೂ ತಂದಿದ್ದಾಳೆ, ಸೀರೆಯ ಕೆಳಗೆ. ನಿಧಾನ... ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತು, ಉಳವಿಗೆ ನಡಕೊಂಡು ಹೊಂಟೀವಿ ಎಂದು ಸುದ್ದಿ. ಪ್ರಿನ್ಸಿಪಾಲರೂ ಸಿಕ್ಕರು. ಅವರಿಗೂ ಹೇಳಿದಳು, ಶೂ ತೋರಿಸಿದಳು. ಅವರು ನಕ್ಕರು. ನಾನು ವಾಚ್ ನೋಡಿಕೊಂಡೆ.

ನವೆಂಬರ್ 27, ಬುಧವಾರ

ಶಿವಲಿಂಗಪ್ಪ ಸರ್ ಫೋನು. ನನ್ನ ಪಿಎಚ್.ಡಿ. ಗೈಡ್. ಕಾನ್ಫರೆನ್ಸಿನ ಒಂದು ಗೋಷ್ಠಿಗೆ ಅವರೇ ಅಧ್ಯಕ್ಷರು. ನಾನು ಗುಡ್ಡ ಹತ್ತುವ ಸುದ್ದಿ ಹೇಗೋ ತಿಳಿದಿದೆ. ನಾವೂ ಬರುತ್ತೇವೆ, ಯೂನಿವರ್ಸಿಟಿಯ ಇನ್ನೊಬ್ಬರೂ ಇದ್ದಾರೆ ಎಂದರು. ಮೂರು ದಿನ ಸರ್ ಜೊತೆ! ನಾನು ಬರೆಯುತ್ತಿರುವ ಪುಸ್ತಕದ ಬಗ್ಗೆ ಮಾತಾಡಬಹುದು. ಮುನ್ನುಡಿ ಕೇಳಬಹುದು.

ಫೋನ್ ಇಟ್ಟ ಮೇಲೆ ಲಕ್ಷ್ಮಿಯ ನೆನಪಾಯಿತು. ಅವಳು ಓದಿದ್ದು ಹತ್ತನೇ ತರಗತಿ. ಹೋದ ವರ್ಷ ಕಾಲೇಜಿನ ಊಟದಲ್ಲಿ, ಬಂದಿದ್ದ ಡೀನ್ ಅವರ ಹೆಂಡತಿಯ ಸೆರಗು ಹಿಡಿದು ನೋಡಿ, ಫಾಲ್ ಹಚ್ಚಿದವರು ಕೆಡಿಸ್ಯಾರ, ನನ್ನ ಕಡೆ ಕೊಡ್ರಿ ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವರ ಜೊತೆ ನಾನೂ.

ಏನು ಮಾಡುವುದು.

ನವೆಂಬರ್ 29

ಹೇಳಿಬಿಟ್ಟೆ. ಉಳವಿ ಕಡೆ ಆನೆ ಬಂದಿವೆ, ಹಾದಿ ಬಂದ್ ಐತಿ ಎಂದೆ. ಕಾನ್ಫರೆನ್ಸಿನವರೇ ಮೂರು ದಿನ ಫೀಲ್ಡ್ ವಿಸಿಟ್ ಇಟ್ಟಿದ್ದಾರೆ, ನಾನು ಅದಕ್ಕೆ ಹೋಗಲೇಬೇಕು ಎಂದೂ ಸೇರಿಸಿದೆ.

ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು. ಆನೆ ಬಂದರೆ ಯಾರೇನು ಮಾಡುವುದು ಎಂದಳು. ಆಮೇಲೆ ನೋಡಿದೆ, ಶೂ ಒರೆಸಿ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ ಸೇರಿಸಿದ್ದಳು.

ಇಷ್ಟು ಸುಲಭವಾಗಿ ನಂಬುತ್ತಾಳೆಂದು ಅಂದುಕೊಂಡಿರಲಿಲ್ಲ. ನಂಬದಿದ್ದರೆ ಚೆನ್ನಾಗಿತ್ತೋ ಏನೋ.

ಡಿಸೆಂಬರ್ 6, ಶುಕ್ರವಾರ. ದಾಂಡೇಲಿ

ಪೇಪರ್ ಚೆನ್ನಾಗಿ ಆಯಿತು. ಸರ್ ವೇದಿಕೆಯಿಂದಲೇ ಹೆಸರು ಹಿಡಿದು ಹೊಗಳಿದರು. ಸಂಜೆ ಎಲ್ಲರೂ ಮೌಳಂಗಿಗೆ ಹೋಗಿ ನದಿ ದಂಡೆಯಲ್ಲಿ ಕೂತೆವು. ಮನೆಯಿಂದ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತೆಗೆದೆ. ಸರ್‌ಗೂ ಕೊಡ್ರಿ ಎಂದು ಎರಡು ಸಲ ಹೇಳಿ ಕಳಿಸಿದ್ದಳು. ಸರ್ ನಾಲ್ಕು ತಿಂದರು. ಮಾಡಿದವರು ಯಾರೆಂದು ಕೇಳಿದರು. ಮನೆಯಲ್ಲಿ ಎಂದೆ.

ಡಿಸೆಂಬರ್ 8, ಭಾನುವಾರ. ಹೋಂಸ್ಟೇ, ಸಂಜೆ 6

ಬೆಳಿಗ್ಗೆ ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಸರ್ ಕಾಯುತ್ತ ನಿಂತಿದ್ದರು. ಜೊತೆಗೆ ಯೂನಿವರ್ಸಿಟಿಯ ಆ ಇನ್ನೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ ಗುರುಸಿದ್ದವ್ವ. ಅರವತ್ತಾರು ವಯಸ್ಸು, ಕೈಯಲ್ಲಿ ಬಿದಿರಿನ ಕೋಲು. "ನಾವೂ ಬರುತ್ತೇವೆ" ಎಂದಿದ್ದರಲ್ಲ, ಆ "ನಾವು" ಇದು. ನನಗೆ ಹೊಳೆಯಲೇ ಇಲ್ಲ.

"ನಿಮ್ಮ ಮನಿಯವ್ರೆಲ್ಲಿ, ತಮ್ಮಾ?" ಗುರುಸಿದ್ದವ್ವ ಮೊದಲು ಕೇಳಿದ್ದೇ ಅದು. ಮೊಣಕಾಲು ನೋವು ಎಂದೆ. ಎರಡನೇ ಸುಳ್ಳು. ಮೊದಲನೆಯದಕ್ಕಿಂತ ಬೇಗ ಬಂತು.

ಇಲ್ಲಿ ಮುಟ್ಟಿದಾಗ ಮಧ್ಯಾಹ್ನ. ಎಲ್ಲರೂ ಕೈಕಾಲು ತೊಳೆಯಲು ಹೋದಾಗ ದುರ್ಗಪ್ಪ ನನ್ನನ್ನು ಬದಿಗೆ ಕರೆದ.

"ನಿನ್ನೆ ಅಕ್ಕಾರ ಫೋನ್ ಮಾಡಿದ್ರು, ಸರ. ನಮಗ ಬರಾಕ ಆಗವಲ್ದು, ಖೋಲಿ ಹಿಡಿದಿಟ್ಟು ನಿಮಗ ತ್ರಾಸ ಆಗಬಾರದು ಅಂದ್ರು. ಆನಿ ಹೋದುವೇನು ಅಂತನೂ ಕೇಳಿದ್ರು. ಇಲ್ಲೆಲ್ಲಿ ಆನಿ ಬಂದಾವ್ರಿ, ಹಾದಿ ಚಲೋ ಐತಿ, ಸರ್ ಇನ್ನಿಬ್ಬರ ಜೋಡಿ ನಾಳೆ ಬರಾಕತ್ಯಾರ ಅಂತ ಹೇಳಿದೆ. ಏನರ ತಪ್ಪಾತೇನ್ರಿ?"

ಮುಂದೆ ಏನಂದಳು ಎಂದು ಕೇಳಿದೆ.

"ಬಿಸಿನೀರು ಕಾಸಿ ಕೊಡ್ರಿ, ಅವರಿಗೆ ತಣ್ಣೀರ ಹೊಂದೂದಿಲ್ಲ ಅಂದ್ರು."

ನಾನು ಖೋಲಿ ಬೇಡವೆಂದು ತಿಳಿಸುವುದನ್ನು ಮರೆತಿರುತ್ತೇನೆ ಎಂದುಕೊಂಡು ಮಾಡಿದ್ದಾಳೆ. ಇಂಥದ್ದು ನಾನು ಯಾವಾಗಲೂ ಮರೆಯುತ್ತೇನೆ.

ಬಿಸಿನೀರು ಬಂತು. ಸ್ನಾನ ಮಾಡಲಿಲ್ಲ.

ಡಿಸೆಂಬರ್ 9. ಉಳವಿ

ಆರೂವರೆಗೆ ಬಿಟ್ಟೆವು. ಗುರುಸಿದ್ದವ್ವ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಸರ್ ಅವರ ಜೊತೆಗೇ ನಿಲ್ಲುತ್ತಿದ್ದರು. ಯಾರಿಗೂ ಅವಸರವಿಲ್ಲ. ಆಕೆ ಗೈಡ್ ಹುಡುಗನಿಗೆ ಮದುವೆ ಗೊತ್ತಾಗಿದೆಯೇ ಎಂದು ವಿಚಾರಿಸಿದರು, ಸಿಕ್ಕ ಗಿಡಕ್ಕೆಲ್ಲ ಊರ ಕಡೆಯ ಹೆಸರು ಹೇಳಿದರು. ಸರ್ ಎರಡು ಹೆಸರು ಡೈರಿಯಲ್ಲಿ ಬರೆದುಕೊಂಡರು. ಜರೀಗಿಡ ನಾನೂ ಕಂಡೆ, ಬಂಡೆಯ ಸಂದಿಯಲ್ಲಿ, ಒಳ್ಳೆಯ ಸ್ಪೆಸಿಮೆನ್. ಬಗ್ಗಿ ನೋಡುವ ಮನಸ್ಸಾಗಲಿಲ್ಲ. ಲಕ್ಷ್ಮಿ ಬಂದಿದ್ದರೆ ಈ ಹಾದಿಯನ್ನು ನಿಶ್ಚಿಂತೆಯಿಂದ ನಡೆಯುತ್ತಿದ್ದಳು. ಅವಳೂ ಗುರುಸಿದ್ದವ್ವನವರೂ ಸೇರಿದ್ದರೆ ಮಾತು ಮುಗಿಯುತ್ತಲೇ ಇರಲಿಲ್ಲ.

ಗುಡಿಯ ಮುಂದೆ ನಿಂತು ಫೋನ್ ಮಾಡಿದೆ. ಉಳವಿಯಲ್ಲಿದ್ದೇನೆ ಎಂದೆ. ಬೈಯಲಿ ಎಂದು ಕಾದೆ.

"ಮುಟ್ಟಿದ್ರೇನು? ಹಾದಿ ಚಲೋ ಇತ್ತೇನ್ರಿ?"

ಇತ್ತು ಎಂದೆ.

"ನನ್ನ ಹೆಸರಲೆ ಒಂದು ಕಾಯಿ ಒಡಸ್ರಿ" ಎಂದು ಇಟ್ಟಳು.

ಡಿಸೆಂಬರ್ 10

ಮುನ್ನುಡಿ ಬರೆದುಕೊಡುವುದಾಗಿ ಸರ್ ತಾವಾಗಿಯೇ ಹೇಳಿದರು. ಗವಿಗೆ ಹೋಗಲಿಲ್ಲ.

ಡಿಸೆಂಬರ್ 14, ಶನಿವಾರ

ಮನೆಗೆ ಬಂದು ನಾಲ್ಕು ದಿನ. ಅವಳು ಆ ಮಾತೇ ಎತ್ತಿಲ್ಲ. ಊಟ, ಚಹಾ, ಇಸ್ತ್ರಿ, ಎಲ್ಲ ಮೊದಲಿನಂತೆ. ಜನವರಿಯಲ್ಲಿ ಇಬ್ಬರೇ ಹೋಗೋಣ ಎಂದೆ. ನೀವು ಹೋಗಿ ಬಂದೀರಲ್ಲ ಎಂದಳು, ಅಷ್ಟೇ.

ಮಧ್ಯಾಹ್ನ ಗುರುಸಿದ್ದವ್ವನವರ ಫೋನು, ಅವಳಿಗೆ. ಮೊಣಕಾಲು ಹೇಗಿದೆ ಎಂದು ವಿಚಾರಿಸಲು! ಬಾಗಿಲಲ್ಲಿ ನಿಂತಿದ್ದೆ, ತಡೆಯಲಾಗಲಿಲ್ಲ. ಲಕ್ಷ್ಮಿ ನನ್ನನ್ನೊಮ್ಮೆ ನೋಡಿದಳು. "ಈಗ ಬೇಷ್ ಐತ್ರಿ ಅವ್ವಾರ, ಎಣ್ಣಿ ಹಚ್ಚಾಕತ್ತೇನಿ" ಎಂದಳು. ಎಷ್ಟೋ ಹೊತ್ತು ಮಾತಾಡಿದಳು. ಫೋನ್ ಇಟ್ಟು ಹೊಲಿಗೆ ಮಷಿನ್ ಮುಂದೆ ಕೂತಳು.

ನನ್ನ ಮಾನ ಕಾಯ್ದಳು. ಇನ್ನು ತಡೆಯಲಾರೆ, ನಾಳೆ ಎಲ್ಲ ಹೇಳಿಬಿಡಬೇಕು.

ಡಿಸೆಂಬರ್ 15

ಹೇಳಿದೆ. ಆನೆ ಸುಳ್ಳು, ಮೊಣಕಾಲು ಸುಳ್ಳು. ಸರ್ ಎದುರಿಗೆ ನಿನ್ನನ್ನು ಕರೆದೊಯ್ಯಲು ನನಗೆ ನಾಚಿಕೆಯಾಯಿತು ಎಂದೂ ಹೇಳಿದೆ. ಪ್ರಾಮಾಣಿಕವಾಗಿರಬೇಕು ಎಂದುಕೊಂಡಿದ್ದೆ. ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಹೊಲಿಯುತ್ತಿದ್ದ ಬಟ್ಟೆಯ ದಾರ ಕತ್ತರಿಸಿ, ಮಡಚಿಟ್ಟಳು.

"ನಿಮಗ ನಾಚಿಕಿ ಆಗತೈತಿ ಅಂತ ನನಗ ಲಗ್ನ ಆದ ವರ್ಷನ ಗೊತ್ತಾಗಿತ್ರಿ. ಆದ್ರ ಆ ನಾಚಿಕಿ ನಿಮಗ ಗೊತ್ತಿಲ್ಲದ ಆಗತೈತಿ ಅಂತ ತಿಳಕೊಂಡಿದ್ದೆ. ಅದಕ್ಕ ಇಪ್ಪತ್ತಮೂರು ವರ್ಷ ಸಂಸಾರ ನಡದೈತಿ."

ಎದ್ದು ಒಳಗೆ ಹೋದಳು. ನಾನೂ ಹಗುರಾಗಲಿಲ್ಲ, ಅವಳೂ ಆಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ...

ಡಿಸೆಂಬರ್ 17

ತನ್ನ ತಂಗಿಯ ಹೊಲದಲ್ಲಿ ಭತ್ತದ ಕೊಯ್ಲು, ಆಳು ಸಿಗುತ್ತಿಲ್ಲ ಎಂದು ಸಾಂಬ್ರಾಣಿಗೆ ಹೋದಳು. ಶುಕ್ರವಾರ ಬರ್ತೇನಿ ಎಂದಳು. ಹಿಟ್ಟು, ಪಲ್ಯ ಎಲ್ಲಿದೆ ಎಂದು ತೋರಿಸಿ ಹೋದಳು.

ಡಿಸೆಂಬರ್ 22, ಭಾನುವಾರ. ಸಂಜೆ

ಶುಕ್ರವಾರ ಬರಲಿಲ್ಲ. ಶನಿವಾರವೂ. ಫೋನ್ ಮಾಡಲು ಧೈರ್ಯವಾಗದೆ ಇವತ್ತು ಬಸ್ ಹತ್ತಿದೆ. ತಂಗಿಯ ಮನೆಗೆ ಬೀಗ. ಹೊಲಕ್ಕೆ ಹೋದೆ. ಹತ್ತು ಹನ್ನೆರಡು ಹೆಣ್ಣಾಳು ಸಾಲಾಗಿ ಬಗ್ಗಿ ಕೊಯ್ಯುತ್ತಿದ್ದರು. ಬದುವಿನ ಮೇಲೆ ನಿಂತೆ. ಕಾಲೇಜಿನ ಪ್ಯಾಂಟು, ಕೈಯಲ್ಲಿ ಖಾಲಿ ಚೀಲ. ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಣ್ಣಾಳುಗಳು ತಲೆ ಎತ್ತಿ ಇವನಾರು ಎಂದು ನೋಡಿದರು. ಒಬ್ಬಳು ನಕ್ಕಳು.

ಲಕ್ಷ್ಮಿ ಸೊಂಟ ನೆಟ್ಟಗೆ ಮಾಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಅವಳು ನನ್ನ ಹತ್ತಿರ ಬಾರದೆ ಇದ್ದರೆ ಅದೇ ನನಗೆ ತಕ್ಕದ್ದು ಎಂದುಕೊಂಡೆ. ಕುಡುಗೋಲು ಬಿಟ್ಟು ಬಂದಳು. ಒಂದು ಗೋಣಿಚೀಲ ಝಾಡಿಸಿ, ನೆರಳು ಇದ್ದಲ್ಲಿ ಹಾಸಿದಳು. ನಂತರ ತಿರುಗಿ ಆ ಸಾಲಿಗೆಲ್ಲ ಕೇಳುವಂತೆ ಹೇಳಿದಳು.

"ಇವರು ನಮ್ಮ ಮನಿಯವರು. ಹಳಿಯಾಳ ಕಾಲೇಜಿನ್ಯಾಗ ಕಲಸ್ತಾರ."

ನಾನು ಆ ಚೀಲದ ಮೇಲೆ ಕೂತೆ. ಅವಳು ಮತ್ತೆ ಕೊಯ್ಲಿಗೆ ಹೋದಳು. ಯಾವಾಗ ಬರುತ್ತೀ ಎಂದು ಕೇಳಲಾಗಲಿಲ್ಲ, ಒಬ್ಬನೇ ತಿರುಗಿ ಬಂದೆ. ಅಷ್ಟು ಜನರ ಎದುರು, ಅಷ್ಟು ದೊಡ್ಡ ದನಿಯಲ್ಲಿ, ಇವಳು ನನ್ನ ಹೆಂಡತಿ ಎಂದು ನಾನು ಒಮ್ಮೆಯಾದರೂ ಹೇಳಿದ್ದುಂಟೇ?