ಅಂಬುಬಾಯಿಯವರ ಲಕ್ಷ ಒತ್ತು

ಮೆಹದಿಪಟ್ಟಣಂ, ಹೈದರಾಬಾದ್
೧೧ ಅಕ್ಟೋಬರ್ ೨೦೨೫, ಶನಿವಾರ

ಗುರುಗ್ರಾಮದಲ್ಲಿ ಠಿಕಾಣಿ ಹೂಡಿರುವ ನಮ್ಮನೆಯವರಿಗೆ, ಹರ್ಷದಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಆ ಹಾಳು ಕುರ್ಚಿ ಬದಲಿಸಿಕೊಡಿ ಎಂದು ಆಫೀಸಿನಲ್ಲಿ ಕೇಳಿದಿರೋ, ಇಲ್ಲ ಸಂಕೋಚಪಟ್ಟುಕೊಂಡು ಅದರ ಮೇಲೇ ಕೂತಿದ್ದೀರೋ? ಅಡುಗೆಯವಳು ಬರುತ್ತಿದ್ದಾಳೆ ತಾನೇ? ನಿಮ್ಮ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ, ಆದರೆ ಸಿಟ್ಟು ಬೇರೆ, ನಿಮ್ಮ ಬೆನ್ನು ಬೇರೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಅತ್ತೆಯವರ ಮಂಡಿ ಎಂದಿನಂತೆ ಕಟಕಟ ಅನ್ನುತ್ತದೆ. ಚಾತುರ್ಮಾಸ್ಯದ ದ್ವಿದಳ ವ್ರತ ಶುರುವಾಗಿದೆ, ಮನೆಯಲ್ಲಿ ಬೇಳೆ ಇಲ್ಲ, ಕಾಳು ಇಲ್ಲ, ಶೇಂಗಾ ಅಂತೂ ಡಬ್ಬಿಯ ಮುಚ್ಚಳವನ್ನೂ ತೆಗೆಯುವ ಹಾಗಿಲ್ಲ. ಈ ಶೇಂಗಾದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೋನ್ ಮಾಡುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ‘ಹರ್ಷದಾ, ಸ್ವಲ್ಪ ಪ್ರ್ಯಾಕ್ಟಿಕಲ್ ಆಗಿ ವಿಚಾರ ಮಾಡು’ ಎಂದು ನೀವು ಶುರು ಹಚ್ಚಿಕೊಳ್ಳುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ನಿಮಗೆ ಬರುವುದಿಲ್ಲ. ಆಫೀಸಿನವರು ಚಹಾಕ್ಕೆ ಎದ್ದು ಹೋದ ಮೇಲೆ ಸಾವಕಾಶ ಓದಿ, ಕಡೇ ಸಾಲಿನವರೆಗೂ ಓದಿ.

ಮೊದಲು ಆ ಒತ್ತುವ ಪ್ರಕರಣ. ನಿಮಗೆ ಅರ್ಧವೇ ಗೊತ್ತು, ಯಾಕೆಂದರೆ ಪೂರ್ತಿ ಕೇಳುವ ವ್ಯವಧಾನ ನಿಮಗಿರಲಿಲ್ಲ. ಯುಗಾದಿಗೆ ಬಂದಾಗ ನೀವೇ ನಮ್ಮ ‘ಮೂಸಿತೀರ’ ಪತ್ರಿಕೆಯನ್ನು ವೆಬ್‌ಸೈಟಿಗೆ ಏರಿಸಿದಿರಿ. ಜಾಹೀರಾತಿನ ಕಂಪನಿಯಲ್ಲಿ ಖಾತೆ ತೆರೆದು, ಸುದ್ದಿಯ ನಡುನಡುವೆ ತಾನಾಗಿಯೇ ಜಾಹೀರಾತು ಬಂದು ಕೂಡುವ ಹಾಗೆ ಮಾಡಿದಿರಿ. ಅಂದು ಶಾವಿಗೆ ಪಾಯಸ ಉಣ್ಣುತ್ತ ಅತ್ತೆಯವರಿಗೆ ‘ಅಮ್ಮಾ, ಮಂದಿ ಇದನ್ನ ಒತ್ತಿದಷ್ಟೂ ನಮ್ಮ ಪತ್ರಿಕಿಗೆ ರೊಕ್ಕ ಬರ್ತದ’ ಎಂದು ಹೇಳಿದವರು ಯಾರು? ನೀವು. ತಾವೇ ಒತ್ತಬಾರದು ಎಂದು ಹೇಳಿದಿರಾ? ಇಲ್ಲ. ನೀವು ಗಾಡಿ ಹತ್ತಿ ಹೋದಿರಿ. ಆಷಾಢದ ಏಕಾದಶಿ ಬಂತು. ಅವರ ಭಜನಾ ಮಂಡಳಿಯ ಹೆಂಗಸರು ಪ್ರತಿ ಚಾತುರ್ಮಾಸ್ಯಕ್ಕೂ ಒಂದು ನೇಮ ಹಿಡಿಯುವುದು ನಿಮಗೆ ಗೊತ್ತಲ್ಲ, ಒಂದು ವರ್ಷ ಲಕ್ಷ ಬತ್ತಿ, ಇನ್ನೊಂದು ವರ್ಷ ಲಕ್ಷ ನಮಸ್ಕಾರ. ಈ ಸಲ ಅತ್ತೆಯವರು ಎದ್ದು ನಿಂತು ‘ನಮ್ಮ ಮನೆಯವರು ಕಟ್ಟಿದ ಪತ್ರಿಕಿ ಉಳೀಬೇಕ್ರವಾ, ಈ ವರ್ಷ ಲಕ್ಷ ಒತ್ತು’ ಎಂದು ಸಂಕಲ್ಪ ಮಾಡಿಸಿಬಿಟ್ಟರು.

ಗುಡಿಯ ಹಾಲಿನಲ್ಲಿ ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂಡುತ್ತಿದ್ದರಂತೆ. ಮಂಡಳಿಯ ಕಮಲಾಕ್ಷಿ ವಹಿನಿ ವಿಷ್ಣುಸಹಸ್ರನಾಮ ಹೇಳಿಕೊಡುವುದು, ಉಳಿದವರು ನಾಮಕ್ಕೊಂದು ಒತ್ತು. ಅರ್ಚನೆಗೆ ಹೂವು ಏರಿಸಿದ ಹಾಗೆ. ವಿಶ್ವಂ ಅಂದರೆ ಟ್ರ್ಯಾಕ್ಟರಿನ ಜಾಹೀರಾತು, ವಿಷ್ಣುಃ ಅಂದರೆ ಮಂಡಿಯ ಎಣ್ಣೆ, ವಷಟ್ಕಾರಃ ಅಂದರೆ ಗಂಡಸರ ಗಡ್ಡ ಬೆಳೆಸುವ ತೈಲ. ಅದೂ ಗುಡಿಯ ಒಂದೇ ವೈಫೈ ಮೇಲೆ! ಒಂದೇ ಜಾಗದಿಂದ, ಒಂದೇ ಹೊತ್ತಿಗೆ, ದಿನಾ ಇಷ್ಟು ಒತ್ತು ಬಂದರೆ ಕಂಪನಿಯವರು ಮೋಸ ಅನ್ನದೆ ಇನ್ನೇನು ಅಂದಾರು? ಖಾತೆ ಮುಚ್ಚಿದರು. ಅವರ ನಿಯಮ ಅವರಿಗೆ, ನಾನು ಅವರನ್ನು ಬೈಯುವುದಿಲ್ಲ. ನನಗೆ ಗೊತ್ತಾದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತೆಯವರ ಫೋನಿನಲ್ಲಿ ಇವತ್ತಿಗೂ ಗಡ್ಡದ ತೈಲ ಬರುತ್ತಿದೆ.

ಆದರೆ ಅದೇ ದಿನ ನೀವು ಫೋನ್ ಮಾಡಿ ನಿಮ್ಮ ತಾಯಿಗೆ ಏನಂದಿರಿ? ‘ಅಪ್ಪ ಕಟ್ಟಿದ ಪತ್ರಿಕಿ ನೀನ ಕೊಂದಿ’ ಎಂದಿರಿ. ಸ್ಪೀಕರ್ ಹಾಕಿತ್ತು, ನನಗೂ ಕೇಳಿಸಿತು. ಆ ಮುದುಕಿ ಅಂದು ಊಟ ಬಿಟ್ಟರು. ಮಾವನವರ ಫೋಟೋದ ಮುಂದೆ ಕೂತು ‘ನಾ ಒಳ್ಳೇದು ಮಾಡ್ಲಿಕ್ಕೆ ಹೋಗಿ ಕೆಡಿಸಿದೆ’ ಎಂದು ಒಂದೇ ಸಮ ಹೇಳುತ್ತಿದ್ದರು. ಸೆಕ್ರೆಟರಿಯೇಟಿನಿಂದ ನಿವೃತ್ತರಾದ ಮಾವನವರು ನಾಂಪಲ್ಲಿ ಸ್ಟೇಷನ್ನಿನ ಹತ್ತಿರದ ಆ ಒಂದು ಕೋಣೆಯಲ್ಲಿ ಪತ್ರಿಕೆ ಶುರು ಮಾಡಿದಾಗ ಪ್ರತಿಗಳನ್ನು ಮಡಚಿ ವಿಳಾಸ ಅಂಟಿಸಿದ್ದು ಇವೇ ಕೈಗಳು. ಯಾರೂ ಅವರಿಗೆ ‘ಕೊಂದಿ’ ಅನ್ನಬಾರದಿತ್ತು. ನೀವಂತೂ ಅನ್ನಲೇಬಾರದಿತ್ತು. ನನಗೆ ಈಗಲೂ ಮೈ ಉರಿಯುತ್ತದೆ.

ಅದಾದ ಮೇಲೆ ನಿಮ್ಮ ಎರಡನೇ ಫೋನು, ಆ ಸುದ್ದಿ ಆ್ಯಪ್‌ನವರ ವಿಷಯ. ‘ಮೂಸಿತೀರ’ದ ಹೆಸರು, ಹಳೆಯ ಸಂಚಿಕೆಗಳು ಎಲ್ಲ ಸೇರಿಸಿ ಕೊಂಡುಕೊಳ್ಳುತ್ತಾರೆ, ಅಮ್ಮ ಒಪ್ಪಿಗೆ ಕೊಟ್ಟರೆ ಸಾಕು, ನೀನು ಆರಾಮಾಗಿ ಇಲ್ಲಿಗೆ ಬಂದುಬಿಡು ಎಂದಿರಿ. ನಿಮ್ಮ ವಾದ ನನಗೆ ಬಾಯಿಪಾಠ ಆಗಿದೆ. ವಧೂವರರ ಜಾಹೀರಾತು ಫೋನಿಗೆ ಹೋಯಿತು, ಬಾಡಿಗೆ ಮನೆಯದೂ ಫೋನಿಗೆ ಹೋಯಿತು, ಅಂಗಡಿಯವರು ಪತ್ರಿಕೆಗೆ ಕೊಡುತ್ತಿದ್ದದ್ದನ್ನು ಹುಡುಕಾಟದ ಕಂಪನಿಗಳಿಗೆ ಕೊಡುತ್ತಾರೆ, ಯಾಕೆಂದರೆ ಅಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಬಂದರು ಎಂಬ ಪುರಾವೆ ಸಿಗುತ್ತದೆ. ಈಗ ಹುಡುಕಿದವರಿಗೆ ಮೇಲುಗಡೆಯೇ ಯಂತ್ರ ಉತ್ತರ ಬರೆದುಕೊಡುತ್ತದೆ, ನಮ್ಮ ಬಾಗಿಲಿಗೆ ಯಾರೂ ಬರುವುದೇ ಇಲ್ಲ. ಹೌದು, ನಾನೂ ನೋಡಿದೆ. ಹೈದರಾಬಾದಿನಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಹುಡುಕಿದರೆ ಕೂಕಟ್‌ಪಲ್ಲಿಯ ಗೊಲ್ಲಾಳಪ್ಪನ ಖಾನಾವಳಿಯ ಬಗ್ಗೆ ನಾನೇ ಬರೆದ ಮಾತುಗಳನ್ನು ಅತ್ತಿತ್ತ ತಿರುವಿ ನನಗೇ ಓದಿಸಿತು. ಪತ್ರಿಕೆಯ ಹೆಸರು ಎಲ್ಲೂ ಇರಲಿಲ್ಲ. ಆದರೆ ಕೇಳಿ, ನೀವೇ ಒಮ್ಮೆ ಹೇಳಿದಿರಿ: ಉತ್ತರ ಮೇಲೇ ಸಿಕ್ಕರೆ ಕೆಳಗಿನ ಜಾಹೀರಾತನ್ನು ಯಾರು ಒತ್ತುತ್ತಾರೆ ಎಂದು ಆ ಹುಡುಕಾಟದ ಕಂಪನಿಗಳೂ ತಲೆ ಕೆರೆದುಕೊಳ್ಳುತ್ತಿವೆ, ಜಾಹೀರಾತನ್ನು ಎಲ್ಲಿ ಕೂಡಿಸುವುದೆಂದು ತಿಂಗಳಿಗೊಂದು ಪ್ರಯೋಗ ಮಾಡುತ್ತಿವೆ ಎಂದು. ಅಷ್ಟು ದೊಡ್ಡವರೇ ತಡಕಾಡುತ್ತಿರುವಾಗ ನಾವೊಬ್ಬರೇ ಯಾಕೆ ಅಂಗಡಿ ಮುಚ್ಚಿ ಕೈಮುಗಿಯಬೇಕು? ಅವರು ಪ್ರಯೋಗ ಮಾಡಬಹುದು, ನಾನು ಮಾಡಬಾರದೇ?

ಮಾಡಿದೆ. ನಾಂಪಲ್ಲಿಯಿಂದ ಮೆಟ್ರೋ ಹಿಡಿದು ನೆಟ್ಟಗೆ ಗೊಲ್ಲಾಳಪ್ಪನ ಖಾನಾವಳಿಗೆ ಹೋದೆ. ಯಾದಗಿರಿ ಕಡೆಯವರು, ಮೊದಲು ಕಟ್ಟಡದ ಕೆಲಸಕ್ಕೆ ಬಂದವರು, ಈಗ ಅದೇ ಕೆಲಸದವರಿಗೆ ಎರಡು ಹೊತ್ತು ಊಟ ಹಾಕುತ್ತಾರೆ. ಜಾಹೀರಾತು ಅಂದ ಕೂಡಲೇ ಕೈ ಮುಗಿದುಬಿಟ್ಟರು. ‘ಅಕ್ಕಾರ, ಫೋನಿನ್ಯಾಗ ಹಾಕಿಸಿ ನೋಡೀನ್ರಿ. ರೊಟ್ಟಿ ಹುಡುಕಿದೋರಿಗೆ ನಮ್ದು ಕಾಣ್ತದ ಅಂದ್ರು. ಫೋನ್ ಭಾಳ ಬಂದ್ವು, ಖರೆ, ಎಲ್ಲಾರೂ ಪಾರ್ಸಲ್ ಗಚ್ಚಿಬೌಲಿಗೆ ಕಳಸ್ತೀರೇನು ಅಂತ ಕೇಳೋರೇ. ನಾ ಎಲ್ಲಿ ಕಳಸ್ಲಿರಿ? ನಿಮ್ಮ ಪೇಪರಿನ್ಯಾಗ ಹಾಕಿದ್ರ ಯಾರರ ಬರ್ತಾರ ಅನ್ನೂದಕ್ಕ ಏನೈತ್ರಿ ಗುರ್ತು?’ ನೋಡಿ, ನಿಮ್ಮದೇ ಪ್ರಶ್ನೆ, ನಿಮ್ಮ ಸಂಬಳವಿಲ್ಲದೆ. ಪುರಾವೆ ಕೊಡು! ನಾನು ಅವರ ರೊಟ್ಟಿ ಮುರಿಯುತ್ತ ವಿಚಾರ ಮಾಡಿದೆ. ಪಕ್ಕದಲ್ಲಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇತ್ತು. ಅಲ್ಲೇ ಮಾತಾಡಿಕೊಂಡೆವು. ಈ ಸಂಚಿಕೆಯ ಜಾಹೀರಾತಿಗೆ ಒಂದು ಪೈಸೆ ಬೇಡ. ‘ಮೂಸಿತೀರ ನೋಡಿ ಬಂದೆ ಎಂದವರಿಗೆ ಶೇಂಗಾ ಹಿಂಡಿ ಪುಕ್ಕಟೆ’ ಎಂದು ಛಾಪಿಸುತ್ತೇನೆ. ವೆಬ್‌ಸೈಟಿನಲ್ಲೂ, ವಾಟ್ಸಾಪ್‌ನಲ್ಲೂ ಅದೇ ಸಾಲು ಹಾಕುತ್ತೇನೆ, ಯಾರ ಖಾತೆಯೂ ಇಲ್ಲದೆ, ಯಾರ ಬೆನ್ನೂ ಹತ್ತದೆ. ಜನ ಬಂದರೆ ದೀಪಾವಳಿ ಸಂಚಿಕೆಯಿಂದ ವರ್ಷವಿಡೀ ಜಾಹೀರಾತು ಕೊಡಬೇಕು, ಬರದಿದ್ದರೆ ನಾನು ಮತ್ತೆ ಮುಖ ತೋರಿಸುವುದಿಲ್ಲ.

ಸಂಚಿಕೆ ಹೋದ ಭಾನುವಾರ ಹೊರಬಿತ್ತು. ಅವತ್ತು ಫೋನ್ ಸುಮ್ಮನಿತ್ತು. ಸೋಮವಾರವೂ ಸುಮ್ಮನಿತ್ತು. ಅಂತೂ ಮಂಗಳವಾರ ಮಧ್ಯಾಹ್ನ ಗೊಲ್ಲಾಳಪ್ಪನವರ ಫೋನು ಬಂತು. ಹಿಂದಿನಿಂದ ಸಂತೆಯಷ್ಟು ಗದ್ದಲ. ‘ಅಕ್ಕಾರ, ಹಿಂಡಿ ಖಾಲಿ ಆತ್ರಿ! ಶೇಂಗಾ ಹುರಿಯಾಕತ್ತೀವಿ, ಮಂದಿ ನಿಂತಾರ. ಮಿಯಾಪುರದಿಂದ ಬಂದಾರ್ರಿ, ಸೈಟಿನ ಕೆಲಸದೋರು ಗುಂಪಿಲೆ ಬಂದಾರ. ಓದಾಕ ಬರಲಾರದೋರೂ ಮೂಸಿತೀರ ನೋಡೀವಿ ಅಂತಾರ, ಮೇಸ್ತ್ರಿ ಓದಿ ಹೇಳ್ಯಾನಂತ!’ ನಾನು ನಾಂಪಲ್ಲಿಯ ಕೋಣೆಯಲ್ಲಿ ಒಬ್ಬಳೇ ಕುಣಿದೆ. ಹೊರಗಿನ ಚಹಾ ಅಂಗಡಿಯವನು ‘ಏಮಯ್ಯಿಂದಿ ಮೇಡಂ’ ಎಂದು, ಏನಾಯಿತೋ ಅಂತ ಓಡಿಬಂದ.

ಈಗ ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತು. ‘ಮತ್ತೆ ಅಮ್ಮನ ಮಂಡಳಿಯವರೇ ಹೋಗಿ ಕೂತಿರಬೇಕು’ ಅಂತ. ಅಯ್ಯಾ ಜಾಣರೇ, ಅವರು ಮಡಿ ಹೆಂಗಸರು, ಖಾನಾವಳಿಯ ನೀರೂ ಮುಟ್ಟುವವರಲ್ಲ. ಮೇಲಾಗಿ ಇದು ದ್ವಿದಳದ ತಿಂಗಳು, ಶೇಂಗಾ ಅವರ ಹತ್ತಿರವೂ ಸುಳಿಯುವಂತಿಲ್ಲ. ಇದಕ್ಕಿಂತ ಶುದ್ಧವಾದ ಪುರಾವೆ ನಿಮ್ಮ ಗುರುಗ್ರಾಮದ ಯಾವ ಯಂತ್ರ ಕೊಡುತ್ತದೆ ಹೇಳಿ ನೋಡೋಣ!

ನಾವು ಕೋಟ್ಯಧೀಶರಾದೆವು ಎಂದು ನಾನು ಹೇಳುತ್ತಿಲ್ಲ. ಒಂದು ಖಾನಾವಳಿಯಿಂದ ಪತ್ರಿಕೆ ನಡೆಯುವುದಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ಗೊಲ್ಲಾಳಪ್ಪನವರ ಸುದ್ದಿ ಕೇಳಿ ಇಳಕಲ್ ಸೀರೆಯವರು ತಾವಾಗಿಯೇ ಕೇಳಿಕೊಂಡು ಬಂದರು, ಕನ್ನಡ ಬಲ್ಲ ಹಲ್ಲಿನ ಡಾಕ್ಟರೊಬ್ಬರು ವಿಚಾರಿಸಿದ್ದಾರೆ. ಮಂಡಳಿಯವರು ಒತ್ತುವ ನೇಮ ಮುರಿಯಿತೆಂದು ಕಂಗಾಲಾಗಿದ್ದರು. ನಾನೇ ಗುಡಿಗೆ ಹೋಗಿ, ಒತ್ತುವುದು ಸಾಕು, ಇನ್ನು ಕೇಳುವುದು ಎಂದೆ. ಈಗ ಒಬ್ಬೊಬ್ಬರೂ ತಮ್ಮ ತಮ್ಮ ಕಾಲೋನಿಯ ಅಂಗಡಿ ಹೊಕ್ಕು ‘ನಮ್ಮ ಪತ್ರಿಕಿಗೆ ಒಂದು ಜಾಹೀರಾತು ಕೊಡ್ರಿ’ ಎನ್ನುತ್ತಾರೆ. ಕಮಲಾಕ್ಷಿ ವಹಿನಿಗೆ ಇಲ್ಲ ಅನ್ನುವ ಧೈರ್ಯ ಯಾವ ಅಂಗಡಿಯವನಿಗಿದೆ? ಆದರೆ ಸೈಟನ್ನು ನೋಡಿಕೊಳ್ಳುವವರಿಲ್ಲ. ಯಾವ ಜಾಹೀರಾತು ಎಲ್ಲಿ ಕೂಡಬೇಕು, ಹುಡುಕಿದವರಿಗೆ ನಮ್ಮ ಹೆಸರೂ ಹೇಗೆ ಕಾಣಬೇಕು, ಇದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ. ಆ ವಿದ್ಯೆ ಕಲಿತು ಬಂದು ಪತ್ರಿಕೆಯನ್ನು ಎತ್ತಿ ನಿಲ್ಲಿಸುತ್ತೇನೆ ಎಂದೇ ನೀವು ಅಲ್ಲಿಗೆ ಹೋದದ್ದು. ಕಲಿತಿರಿ. ಬರುವುದೊಂದು ಮರೆತಿರಿ.

ಆ್ಯಪ್‌ನವರಿಗೆ ನಿನ್ನೆಯೇ ಉತ್ತರ ಹೋಗಿದೆ. ಅತ್ತೆಯವರನ್ನು ಕೂಡಿಸಿಕೊಂಡು, ಮಾರುವುದೋ ಬೇಡವೋ ನಿಮ್ಮ ಬಾಯಿಂದಲೇ ಹೇಳಿ ಎಂದೆ. ಸೆರಗು ಸರಿಮಾಡಿಕೊಂಡು ‘ಅಂಬುಬಾಯಿ ಒಪ್ಪಂಗಿಲ್ಲ ಅಂತ ಬರಿ. ಕಾರಣ ಕೇಳಿದ್ರ, ಕಾರಣ ಹೇಳಂಗಿಲ್ಲ ಅಂತನೂ ಬರಿ’ ಎಂದರು. ಹಾಗೆಯೇ ಬರೆದು ಕಳಿಸಿದೆ. ನಿನ್ನೆ ರಾತ್ರಿ ಅವರು ಹೊಟ್ಟೆತುಂಬ ಉಂಡರು.

ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ನಾನು ಬೇಡ ಅಂದರೂ ಹೇಳಿದ್ದಾರೆ. ಒಂದು ಸಲ ಫೋನ್ ಮಾಡಿ ‘ಅಮ್ಮಾ, ತಪ್ಪಾತು’ ಅನ್ನಿ. ಅಷ್ಟು ಸಾಕು ಅವರಿಗೆ.

ಇಂತಿ,
ಸೋಲಲು ಸಿದ್ಧಳಲ್ಲದ ನಿಮ್ಮ
ಹರ್ಷದಾ
ಸಂಪಾದಕಿ, ‘ಮೂಸಿತೀರ’

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಉಳಿಯಿತು. ದೀಪಾವಳಿ ಸಂಚಿಕೆಯ ಮೊದಲ ಪುಟಕ್ಕೆ ಈ ಜಾಹೀರಾತು ಸಿದ್ಧವಾಗಿದೆ: ‘ಬೇಕಾಗಿದ್ದಾರೆ. ಆನ್‌ಲೈನ್ ಜಾಹೀರಾತಿನ ಕೆಲಸ ಬಲ್ಲ ವ್ಯವಸ್ಥಾಪಕರು. ಸಂಬಳ ಕಡಿಮೆ, ಕೆಲಸ ಜಾಸ್ತಿ. ಊಟ, ವಸತಿ ಸಂಪಾದಕಿಯ ಮನೆಯಲ್ಲೇ. ಪತ್ರಿಕೆ ಮುಚ್ಚಿ ಎನ್ನುವವರು ಅರ್ಜಿ ಹಾಕಬೇಕಿಲ್ಲ.’ ಅತ್ತೆಯವರು ಕನ್ನಡಕ ಏರಿಸಿ ಓದಿ, ‘ಮಿಲಿಂದನ ಹೆಸರು ಹಾಕವಾ, ಇಲ್ಲಂದ್ರ ಬ್ಯಾರೆ ಯಾರರ ಗಂಟುಮೂಟಿ ಕಟಗೊಂಡು ಬಂದಾರು’ ಎಂದರು. ನಿಮ್ಮ ಹೆಸರು ಹಾಕಿದ್ದೇನೆ, ದಪ್ಪ ಅಕ್ಷರದಲ್ಲಿ. ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನೀವೇ ಬಂದು ಬಾಗಿಲಲ್ಲಿ ನಿಂತರೆ ಆ ಜಾಗಕ್ಕೆ ಗೊಲ್ಲಾಳಪ್ಪನವರ ಜಾಹೀರಾತು ಹಾಕುತ್ತೇನೆ. ಇಲ್ಲದಿದ್ದರೆ ಹೈದರಾಬಾದಿನ ಕನ್ನಡಿಗರೆಲ್ಲ ನಿಮ್ಮನ್ನು ಹುಡುಕಲಿ.