ಎಲೆಗಂಟಿನ ನೊಣ

ಜುಲೈ ೧೪, ಭಾನುವಾರ

ಪ್ರೀತಿಯ ಇವಳೇ,

ಇಲ್ಲಿ ನಾನು, ಫ್ರಿಜ್ಜು, ಗಡಿಯಾರ ಎಲ್ಲರೂ ಕ್ಷೇಮ. ಬರೆಯಲು ತಡವಾಯಿತು, ಮೂರು ಸಲ ಶುರುಮಾಡಿ ಮೂರು ಸಲ ಹರಿದೆ. ನೀನು ವರ್ಗವಾಗಿ ಹೋಗಿ ಹದಿನಾಲ್ಕು ತಿಂಗಳು. ಮನೆಗೆ ಯಾವಾಗ ಬರುತ್ತೀ ಎಂದು ಈ ಪತ್ರದಲ್ಲಿ ಕೇಳುವುದಿಲ್ಲ. ಕೇಳಿದ ಹಾಗೇ ಆಯಿತೇನೋ, ಇರಲಿ.

ಪ್ರಯೋಗಾಲಯದ ಸುದ್ದಿ ಹೇಳುತ್ತೇನೆ. ಎಲೆಯಲ್ಲಿ ಗಂಟು ಕಟ್ಟಿಸುವ ನೊಣವೊಂದಿದೆ, ಸೊಳ್ಳೆಗಿಂತ ಚಿಕ್ಕದು. ತಾಯಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಮೇಯತೊಡಗಿದರೆ ಎಲೆಯೇ ಊದಿಕೊಂಡು ಅದರ ಸುತ್ತ ಕೋಣೆ ಕಟ್ಟಿಕೊಡುತ್ತದೆ. ಬಾಡಿಗೆಯಿಲ್ಲ, ನೆರೆಹೊರೆಯಿಲ್ಲ. ಹೊರಬಂದ ಮೇಲೆ ಒಂದೇ ದಿನದ ಆಯುಸ್ಸು. ನಮ್ಮ ಗಿಡದ್ದು ಹೊಸ ಜಾತಿಯೆಂದು ವಿಭಾಗದ ಮುಖ್ಯಸ್ಥೆ ಮೇಡಂಗೆ ಅನುಮಾನ. ಹೆಸರಿಡಲು ಒಂದು ಹೆಣ್ಣಾದರೂ ಕೆಡದೆ ಸಿಗಬೇಕು; ಸಿಕ್ಕಿದ್ದೆಲ್ಲ ಗಂಡು. ಕೊನೆಯ ಗಂಟನ್ನು ಸೀಸೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನನ್ನನ್ನು ಕಾವಲು ಕೂರಿಸಿದರು. ಚೀಟಿಯಲ್ಲಿ ತಾರೀಖಿನ ಕೆಳಗೆ ಬರೆದೆ: "ಕದ ತೆರೆದು ಬಾರೇ, ಮುಖವೊಮ್ಮೆ ತೋರೇ."

"ಇದನ್ನ ಲೇಬಲ್ ಅಂತಾರೇನ್ರೀ?" ಅಂದರು ಮೇಡಂ.

ಶುಕ್ರವಾರ ಮಧ್ಯಾಹ್ನ ಬಂತು. ಹೆಣ್ಣೇ. ಆದರೆ ಕುರ್ಚಿಯಲ್ಲಿ ನಾನಿರಲಿಲ್ಲ. ವಾಪಸು ಬರುವಷ್ಟರಲ್ಲಿ ಸೀಸೆಯ ತೇವಕ್ಕೆ ಅಂಟಿಕೊಂಡು, ರೆಕ್ಕೆ ಮುದುಡಿ, ಕಾಲು ಕಳಚಿ ಸತ್ತಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಟೀಗೆ, ಮೇಡಂ."

"ಎರಡೂವರೆ ಗಂಟೆ ಟೀ ಕುಡಿದ್ರಾ?"

"ತುಂಬಾ ಬಿಸಿ ಇತ್ತು."

ಅವರು ನಗಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ಕಳಚಿದ ಕಾಲುಗಳನ್ನು ಎಣಿಸಿದರು, ಇನ್ನಷ್ಟು ಬೈದಿದ್ದರೆ ವಾಸಿಯಿತ್ತು. ಇನ್ನು ಗಂಟು ಸಿಗುವುದು ಮುಂದಿನ ವರ್ಷವೇ. ನನ್ನನ್ನು ಬೀಜದ ವಿಭಾಗಕ್ಕೆ ಹಾಕಿದ್ದಾರೆ. ಬೀಜಗಳು ಒಳ್ಳೆಯವು, ಇಟ್ಟಲ್ಲಿ ಇರುತ್ತವೆ.

ನಿನಗೆ ಒಳ್ಳೆಯದಾಗಲಿ. ಹೊತ್ತಿಗೆ ಉಣ್ಣು, ನೋಯದಿರಲಿ ಕಣ್ಣು.

ನಿನ್ನ,
ಇವರು

ತಾ.ಕ.: ಟೀಗೆ ಹೋಗಿರಲಿಲ್ಲ. ಶುಕ್ರವಾರ ತವರಿಗೆ ಹೋಗುವಾಗ ನಡುವೆ ಇಲ್ಲಿ ಇಳಿದು ಎರಡು ದಿನ ಇರುತ್ತೇನೆ ಎಂದು ನೀನು ಫೋನಿನಲ್ಲಿ ಅಂದಿದ್ದೆಯಲ್ಲ, ಬಸ್ ನಿಲ್ದಾಣಕ್ಕೆ ಹೋಗಿದ್ದೆ. "ರಜೆ ಸಿಗಲಿಲ್ಲ, ಹೊರಡಲೇ ಇಲ್ಲ" ಎಂಬ ನಿನ್ನ ಮೆಸೇಜು ಸಂಜೆ ಬಂತು. ಆದರೆ ಮಧ್ಯಾಹ್ನ ನಿನ್ನ ತವರಿನ ಬಸ್ಸು ಹತ್ತು ನಿಮಿಷ ನಿಂತಿತ್ತು. ಎಡಗಡೆ ನಾಲ್ಕನೆಯ ಕಿಟಕಿ. ನನ್ನನ್ನು ನೋಡಿ ನೀನು ಪರದೆ ಎಳೆದುಕೊಂಡೆ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಾನು ತಲೆ ಕೆರೆದುಕೊಂಡೆ.